ಗೀಟು ಹಾಕಿದ ತಪ್ಪು, ಬಳಿದು ಮುಚ್ಚಿದ ತಪ್ಪು: ಕ್ಲಿನಿಕಲ್ ಟ್ರಯಲ್‌ನ ಕಡತದೊಳಗೆ

ರಕ್ತದೊತ್ತಡದ ಕಾಲಂನಲ್ಲಿ 164/92 ಎಂದು ಬರೆದಿದೆ. ಅದರ ನಡುವೆ ಒಂದೇ ಒಂದು ಗೀಟು. ಗೀಟಿನ ಕೆಳಗಿನ ಅಂಕಿಯನ್ನು ಈಗಲೂ ಸಲೀಸಾಗಿ ಓದಬಹುದು. ಪಕ್ಕದಲ್ಲಿ 146/92, ತಿದ್ದಿದವರ ಚಿಕ್ಕ ಸಹಿ, ತಿದ್ದಿದ ದಿನದ ತಾರೀಖು, ಜೊತೆಗೆ ಒಂದು ಸಾಲಿನ ಷರಾ: ‘ಬರೆಯುವಾಗ ಅಂಕಿ ಅದಲುಬದಲು, ಯಂತ್ರದ ಚೀಟಿ ನೋಡಿ ತಿದ್ದಿದೆ.’ ಇದು ಒಳ್ಳೆಯ ದಾಖಲೆ. ಇನ್ನೊಂದು ಪುಟದಲ್ಲಿ ವೈಟ್ನರ್ ಬಳಿದು, ಅದರ ಮೇಲೆ ಮುದ್ದಾದ ಅಕ್ಷರದಲ್ಲಿ 146/92 ಎಂದು ಬರೆದಿದೆ. ಇದು ಕೆಟ್ಟ ದಾಖಲೆ. ಎರಡರಲ್ಲೂ ಕೊನೆಗೆ ಉಳಿದ ಅಂಕಿ ಒಂದೇ, ಎರಡೂ ನಿಜವೇ ಇರಬಹುದು. ಆದರೆ ಮೊದಲನೆಯದರಲ್ಲಿ ಏನು ನಡೆಯಿತೆಂದು ಆ ದಿನ ಅಲ್ಲಿಲ್ಲದವರಿಗೂ ಗೊತ್ತಾಗುತ್ತದೆ. ಎರಡನೆಯದರಲ್ಲಿ ವೈಟ್ನರ್ ಕೆಳಗೆ ಏನಿತ್ತು ಎಂಬ ಅನುಮಾನ ಮಾತ್ರ ಉಳಿಯುತ್ತದೆ.

ಕ್ಲಿನಿಕಲ್ ಟ್ರಯಲ್‌ನ, ಅಂದರೆ ಹೊಸ ಔಷಧವನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಅಧ್ಯಯನದ, ದಾಖಲೆ ನಿಯಮಗಳೆಲ್ಲ ಹುಟ್ಟಿದ್ದು ಈ ಒಂದು ಅಗತ್ಯದಿಂದ. ಔಷಧಕ್ಕೆ ಪರವಾನಗಿ ಕೊಡುವ ಅಧಿಕಾರಿ ರೋಗಿಯನ್ನು ನೋಡಿರುವುದಿಲ್ಲ, ವೈದ್ಯರ ಜೊತೆ ಮಾತಾಡಿರುವುದಿಲ್ಲ. ಐದು ವರ್ಷ ಬಿಟ್ಟು, ಎಲ್ಲೋ ದೂರದ ಊರಿನಲ್ಲಿ ಕೂತು, ಕಾಗದ ನೋಡಿ ಅಂದು ನಡೆದದ್ದನ್ನು ಮತ್ತೆ ಕಟ್ಟಿಕೊಳ್ಳಬೇಕು. ‘ಬರೆದಿಲ್ಲ ಅಂದರೆ ನಡೆದೇ ಇಲ್ಲ’ ಎಂದು ಈ ಕೆಲಸದವರು ದಿನಕ್ಕೆ ಹತ್ತು ಸಲ ಹೇಳುವುದು ಇದಕ್ಕೇ.

ನಿಯಮದ ಹೆಸರು ಗುಡ್ ಕ್ಲಿನಿಕಲ್ ಪ್ರಾಕ್ಟೀಸ್, ಎಲ್ಲರ ಬಾಯಲ್ಲಿ ಜಿಸಿಪಿ. ಒಂದು ದೇಶದ ಟ್ರಯಲ್ ಮಾಹಿತಿಯನ್ನು ಇನ್ನೊಂದು ದೇಶ ನಂಬುವಂತಾಗಲೆಂದು ಐಸಿಎಚ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ 1996ರಲ್ಲಿ ಇ6 ಎಂಬ ಮಾರ್ಗಸೂಚಿ ತಂದಿತು. 2016ರಲ್ಲಿ ಅದಕ್ಕೆ ಸೇರ್ಪಡೆಗಳಾದವು, 2025ರ ಜನವರಿಯಲ್ಲಿ ಮೂರನೇ ಪರಿಷ್ಕರಣೆ ಅಂತಿಮವಾಯಿತು. ನಮ್ಮಲ್ಲಿ 2001ರ ಭಾರತೀಯ ಜಿಸಿಪಿ ಮಾರ್ಗಸೂಚಿ ಇದೆ. ಕಾನೂನಿನ ಬಲ ಬರುವುದು 2019ರ ನ್ಯೂ ಡ್ರಗ್ಸ್ ಅಂಡ್ ಕ್ಲಿನಿಕಲ್ ಟ್ರಯಲ್ಸ್ ರೂಲ್ಸ್‌ನಿಂದ. ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ಟ್ರಯಲ್ ದಾಖಲಾಗಿರಬೇಕು ಎಂಬಲ್ಲಿಂದ ಅದರ ಷರತ್ತುಗಳು ಶುರು.

ಮೊದಲ ದಿನ: ಗಡಿಯಾರವೇ ಸಾಕ್ಷಿ

ಒಂದು ಜಿಲ್ಲಾ ಮಟ್ಟದ ಮೆಡಿಕಲ್ ಕಾಲೇಜು ಆಸ್ಪತ್ರೆ, ಅಲ್ಲಿ ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯೊಂದರ ಟ್ರಯಲ್ ಎಂದು ಇಟ್ಟುಕೊಳ್ಳೋಣ. 66 ವರ್ಷದ ಅಜ್ಜಿಯೊಬ್ಬರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದಿದ್ದಾರೆ. ಊರಿಂದ ಎರಡು ಬಸ್ಸು ಬದಲಿಸಿ ಬಂದವರು, ಹಸಿದಿದ್ದಾರೆ. ಸಿಸ್ಟರ್‌ಗೆ ಪಾಪ ಅನ್ನಿಸಿ 10.15ಕ್ಕೆ ರಕ್ತ ತೆಗೆದು, ‘ಹೋಗಿ ತಿಂಡಿ ತಿಂದು ಬನ್ನಿ ಅಜ್ಜಿ’ ಎಂದು ಕಳಿಸುತ್ತಾರೆ. ಬಂದ ಮೇಲೆ ವೈದ್ಯರು ನಿಧಾನಕ್ಕೆ ಎಲ್ಲ ವಿವರಿಸಿ 10.40ಕ್ಕೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಆದರೂ ಇದು ದೊಡ್ಡ ಉಲ್ಲಂಘನೆ, ಏಕೆಂದರೆ ಒಪ್ಪಿಗೆಗೆ ಮೊದಲೇ ಟ್ರಯಲ್‌ಗೆಂದು ಮೈಗೆ ಸೂಜಿ ಚುಚ್ಚಿಯಾಗಿದೆ. ಲ್ಯಾಬ್ ಚೀಟಿಯ ಸಮಯ ಮತ್ತು ಒಪ್ಪಿಗೆ ಪತ್ರದ ಸಮಯ ಅಕ್ಕಪಕ್ಕ ಇಟ್ಟರೆ ಸಾಕು, ಬಯಲಾಗುತ್ತದೆ. ಆಗ ಕೆಲವರಿಗೆ ಹೊಳೆಯುವ ಉಪಾಯ 10.40 ಅನ್ನು 10.10 ಮಾಡುವುದು. ಅಲ್ಲಿಗೆ ಉಲ್ಲಂಘನೆ ವಂಚನೆಯಾಗುತ್ತದೆ. ಸರಿಯಾದ ದಾರಿ ಸಪ್ಪೆಯಾದದ್ದು: ಆದದ್ದನ್ನು ಆದ ಹಾಗೆ ಬರೆದು, ಸ್ಪಾನ್ಸರ್‌ಗೂ (ಟ್ರಯಲ್ ಮಾಡಿಸುವ ಕಂಪನಿ) ಎಥಿಕ್ಸ್ ಕಮಿಟಿಗೂ (ಟ್ರಯಲ್‌ಗೆ ಸೇರಿದವರ ಹಿತ ಕಾಯುವ ಸಮಿತಿ) ತಿಳಿಸಿ, ಮುಂದೆ ಹಾಗಾಗದಂತೆ ಏನು ಮಾಡಿದಿರೆಂದು ದಾಖಲಿಸುವುದು. ಉದಾಹರಣೆಗೆ, ಒಪ್ಪಿಗೆ ಪತ್ರದ ಪ್ರತಿ ಕಾಣದೆ ರಕ್ತದ ಕೊಳವೆ ಕೊಡಬಾರದೆಂದು ಲ್ಯಾಬ್‌ಗೆ ಹೇಳಿಡುವುದು.

ಒಪ್ಪಿಗೆ ಪತ್ರದಲ್ಲಿ ಎಡವುವ ಜಾಗಗಳು ಇನ್ನೂ ಇವೆ. ಕನ್ನಡ ಪ್ರತಿಗೆ ತನ್ನದೇ ಆವೃತ್ತಿ ಸಂಖ್ಯೆ, ತಾರೀಖು ಇರಬೇಕು, ಆ ಪ್ರತಿಗೇ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಕ್ಕಿರಬೇಕು. ಹೊಸ ಆವೃತ್ತಿ ಬಂದ ದಿನವೇ ಹಳೆಯ ಖಾಲಿ ಪ್ರತಿಗಳನ್ನು ಬೀರುವಿನಿಂದ ತೆಗೆಯದಿದ್ದರೆ ಯಾರೋ ಒಬ್ಬರು ಅವಸರದಲ್ಲಿ ಹಳೆಯದಕ್ಕೇ ಸಹಿ ಹಾಕಿಸುತ್ತಾರೆ. ವಿಳಾಸ, ಉದ್ಯೋಗ, ವಾರ್ಷಿಕ ಆದಾಯ, ನಾಮಿನಿಯ ಹೆಸರು ಮತ್ತು ಸಂಬಂಧ, ಇವೆಲ್ಲ ನಮ್ಮ ನಿಯಮದಲ್ಲಿ ಕಡ್ಡಾಯ. ಹೊರದೇಶದ ಸ್ಪಾನ್ಸರ್ ಕಳಿಸಿದ ನಮೂನೆಯನ್ನು ಹಾಗೆಯೇ ಬಳಸಿದರೆ ಬಿಟ್ಟುಹೋಗುವುದು ಇವೇ. ಸಹಿಯ ಪಕ್ಕದ ತಾರೀಖನ್ನು ಸಹಿ ಹಾಕಿದವರೇ ಬರೆಯಬೇಕು, ಎಲ್ಲರ ತಾರೀಖೂ ಟ್ರಯಲ್‌ನ ದಿನನಿತ್ಯದ ಕೆಲಸ ನೋಡಿಕೊಳ್ಳುವ ಕೋಆರ್ಡಿನೇಟರ್ ಕೈಬರಹದಲ್ಲಿದ್ದರೆ ಪ್ರಶ್ನೆ ಏಳುತ್ತದೆ. ಒಂದು ಪ್ರತಿ ಅಜ್ಜಿಯ ಕೈಗೆ ಹೋಗಬೇಕು, ಕೊಟ್ಟೆವೆಂದು ಕಡತದಲ್ಲಿ ಬರೆದಿರಬೇಕು.

ಅಜ್ಜಿಗೆ ಓದಲು ಬಾರದಿದ್ದರೆ ಹೆಬ್ಬೆಟ್ಟು ಒತ್ತಿಸಬಹುದು, ಆದರೆ ವಿವರಣೆಯ ಉದ್ದಕ್ಕೂ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಕೂತಿರಬೇಕು. ಟ್ರಯಲ್ ತಂಡದವರು ಸಾಕ್ಷಿಯಾಗುವಂತಿಲ್ಲ. ಕೊನೆಯ ನಿಮಿಷಕ್ಕೆ ಕರೆದು ಸಹಿ ಹಾಕಿಸಿಕೊಂಡ ವಾರ್ಡ್ ಬಾಯ್ ಸಾಕ್ಷಿಯೇ ಅಲ್ಲ, ಅವನು ಏನನ್ನೂ ಕೇಳಿಸಿಕೊಂಡಿಲ್ಲ. ದುರ್ಬಲ ವರ್ಗದವರು ಸೇರುವ ಹೊಸ ರಾಸಾಯನಿಕ ಅಣುವಿನ ಟ್ರಯಲ್‌ಗಳಲ್ಲಿ ಒಪ್ಪಿಗೆ ಪಡೆಯುವ ಇಡೀ ಮಾತುಕತೆಯ ಆಡಿಯೊ-ವಿಡಿಯೊ ಚಿತ್ರೀಕರಣವೂ ಆಗಬೇಕು. ಎಚ್‌ಐವಿ, ಕುಷ್ಠರೋಗದ ಔಷಧಗಳ ಟ್ರಯಲ್‌ನಲ್ಲಿ ಮುಖ ಕಾಣದಂತೆ ಧ್ವನಿ ಮುದ್ರಣ ಮಾತ್ರ ಸಾಕು. ಮುದ್ರಿಸಿದ ಕೂಡಲೇ ಹಾಕಿ ಕೇಳಿ ನೋಡಿ. ಫ್ಯಾನಿನ ಸದ್ದಿನಲ್ಲಿ ಅಜ್ಜಿಯ ‘ಹೂಂ’ ಮುಳುಗಿಹೋಗಿದ್ದರೆ ಆ ಫೈಲ್ ಇದ್ದೂ ಇಲ್ಲದಂತೆ.

ಕನ್ನಡ ಅನುವಾದದ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಯಾದೃಚ್ಛಿಕ ವಿಂಗಡಣೆ’ ಎಂದು ಅಚ್ಚು ಹಾಕಿದರೆ ಭಾಷಾಂತರದ ಪ್ರಮಾಣಪತ್ರ ಸಿಗುತ್ತದೆ, ಅಜ್ಜಿಗೆ ಏನೂ ಸಿಗುವುದಿಲ್ಲ. ‘ನಿಮಗೆ ಯಾವ ಮಾತ್ರೆ ಬರುತ್ತದೆ ಎನ್ನುವುದನ್ನು ನಾವೂ ಆರಿಸುವುದಿಲ್ಲ, ನೀವೂ ಆರಿಸುವುದಿಲ್ಲ; ನಾಣ್ಯ ಚಿಮ್ಮಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ’ ಎಂದರೆ ತಿಳಿಯುತ್ತದೆ. ಕಡತದಲ್ಲಿ ‘ವಿವರಿಸಲಾಯಿತು, ಅರ್ಥವಾಯಿತು’ ಎಂಬ ರಬ್ಬರ್ ಸ್ಟಾಂಪಿಗಿಂತ, ಅಜ್ಜಿ ಕೇಳಿದ ಒಂದು ಪ್ರಶ್ನೆ ಮತ್ತು ಕೊಟ್ಟ ಉತ್ತರ ಬರೆದಿಟ್ಟರೆ ಹತ್ತು ಪಟ್ಟು ತೂಕ.

ಫೇರ್ ಕಾಪಿಯ ಚಟ

ಯಾವುದೇ ಸಂಗತಿ ಮೊಟ್ಟಮೊದಲು ಎಲ್ಲಿ ದಾಖಲಾಯಿತೋ ಅದು ಸೋರ್ಸ್, ಅಂದರೆ ಮೂಲ ದಾಖಲೆ. ಅಲ್ಲಿಂದ ಸ್ಪಾನ್ಸರ್ ಕೇಳಿದ ಮಾಹಿತಿಯನ್ನಷ್ಟೇ ಸಿಆರ್‌ಎಫ್ ಎಂಬ ನಮೂನೆಗೆ, ಈಗೀಗ ಕಂಪ್ಯೂಟರ್‌ನಲ್ಲಿ, ತುಂಬುತ್ತಾರೆ. ಸ್ಪಾನ್ಸರ್ ಪರವಾಗಿ ಪರಿಶೀಲಿಸುವ ಮಾನಿಟರ್ ಬಂದಾಗ ಎರಡನ್ನೂ ತಾಳೆ ಹಾಕುತ್ತಾರೆ.

ಮೂಲ ದಾಖಲೆಯನ್ನು ಅಳೆಯಲು ಒಂದು ಗುರುತಿನ ಪದವಿದೆ: ಆಲ್ಕೋವಾ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಲ್ಲಿದ್ದ ಸ್ಟ್ಯಾನ್ ವುಲೆನ್ 1990ರ ದಶಕದಲ್ಲಿ ಬಳಕೆಗೆ ತಂದದ್ದು. ಐದು ಇಂಗ್ಲಿಷ್ ಅಕ್ಷರಗಳು ಕೇಳುವ ಐದು ಪ್ರಶ್ನೆಗಳನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: ಯಾರು ಬರೆದರು? ಓದಲು ಬರುತ್ತದೆಯೇ? ನಡೆದಾಗಲೇ ಬರೆದದ್ದೇ? ಇದೇ ಮೊದಲ ಬರಹವೇ? ನಿಜವೇ? ಆಮೇಲೆ ಇವಕ್ಕೆ ಇನ್ನೂ ನಾಲ್ಕು ಸೇರಿದವು: ಪೂರ್ತಿ ಇರಬೇಕು, ಒಂದಕ್ಕೊಂದು ಹೊಂದಬೇಕು, ಬಾಳಿಕೆ ಬರಬೇಕು, ಕೇಳಿದಾಗ ಸಿಗಬೇಕು.

ಇವುಗಳಲ್ಲಿ ನಮ್ಮವರು ಅತಿ ಹೆಚ್ಚು ಸೋಲುವುದು ನಾಲ್ಕನೆಯದರಲ್ಲಿ, ಮತ್ತು ಅದಕ್ಕೆ ಶಾಲೆಯೇ ಕಾರಣ ಅನ್ನಿಸುತ್ತದೆ. ರಫ್ ಪುಸ್ತಕದಲ್ಲಿ ಗೀಚಿಕೊಂಡು, ರಾತ್ರಿ ಮನೆಯಲ್ಲಿ ಫೇರ್ ನೋಟ್ಸ್ ಬರೆದು, ಮಾರ್ಜಿನ್ ಎಳೆದು ಮೇಷ್ಟರ ಸಹಿ ಪಡೆದವರು ನಾವು. ಅದೇ ಕೈ ಇಲ್ಲಿಯೂ ಕೆಲಸ ಮಾಡುತ್ತದೆ: ಬಿಪಿ, ನಾಡಿ, ತೂಕವನ್ನು ಒಂದು ಚೂರು ಚೀಟಿಯಲ್ಲಿ ಅಥವಾ ಕೈಗವಸಿನ ಮೇಲೆ ಬರೆದುಕೊಂಡು, ಮಧ್ಯಾಹ್ನ ನೀಟಾಗಿ ನಮೂನೆಗೆ ಇಳಿಸಿ, ಚೀಟಿ ಕಸದ ಬುಟ್ಟಿಗೆ. ಎಸೆದದ್ದು ಚೀಟಿಯಲ್ಲ, ಮೂಲ ದಾಖಲೆ. ಉಳಿದದ್ದು ಯಾವುದರ ನಕಲೋ ಯಾರಿಗೂ ಗೊತ್ತಿಲ್ಲದ ನಕಲು. ಚೀಟಿಯಲ್ಲಿ ಬರೆಯಲೇಬೇಕಾಗಿ ಬಂದರೆ ಅದಕ್ಕೇ ಸಹಿ, ತಾರೀಖು, ಸಮಯ ಹಾಕಿ ಕಡತಕ್ಕೆ ಅಂಟಿಸಿ. ಎಣ್ಣೆ ಕಲೆ ಇದ್ದರೂ ಪರವಾಗಿಲ್ಲ.

ಇನ್ನೊಂದು ನಮ್ಮದೇ ತೊಂದರೆ ಒಪಿಡಿ ಚೀಟಿ. ವೈದ್ಯರು ಪರೀಕ್ಷೆ ಮಾಡಿ ಬರೆದ ಚೀಟಿಯನ್ನು ರೋಗಿ ಮನೆಗೆ ಒಯ್ಯುತ್ತಾರೆ, ಅದರ ಜೊತೆಗೇ ಮೂಲವೂ ಹೋಗುತ್ತದೆ. ರೋಗಿ ಕೋಣೆ ಬಿಡುವ ಮೊದಲೇ ಅದರ ಜೆರಾಕ್ಸ್ ತೆಗೆದು, ‘ಮೂಲ ನೋಡಿ ತೆಗೆದ ಪ್ರತಿ’ ಎಂದು ಸಹಿ ಮತ್ತು ತಾರೀಖು ಹಾಕಿ ಇಟ್ಟುಕೊಳ್ಳಬೇಕು. ಇಸಿಜಿಯದ್ದೂ ಇದೇ ಕಥೆ. ಅದು ಶಾಖಕ್ಕೆ ಕಪ್ಪಾಗುವ ಕಾಗದ, ಕೆಲವು ವರ್ಷಕ್ಕೆ, ಪ್ಲಾಸ್ಟಿಕ್ ಹಾಳೆಯೊಳಗಿಟ್ಟರೆ ಇನ್ನೂ ಬೇಗ, ಗೆರೆ ಮಾಸಿ ಬಿಳಿ ಪಟ್ಟಿ ಉಳಿಯುತ್ತದೆ. ಅಂದೇ ಪ್ರತಿ ತೆಗೆದು ಎರಡನ್ನೂ ಸೇರಿಸಿ ಪಿನ್ ಮಾಡಿ. ಯಂತ್ರದ ಗಡಿಯಾರವನ್ನೂ ನೋಡಿ, ಕರೆಂಟ್ ಹೋಗಿ ಬಂದಾಗ ಕೆಲವು ಯಂತ್ರಗಳು ಹಳೆಯ ತಾರೀಖಿಗೆ ಜಾರುತ್ತವೆ. ಆಗ 2025ರಲ್ಲಿ ತೆಗೆದ ಇಸಿಜಿಯ ಮೇಲೆ 2010 ಎಂದು ಅಚ್ಚಾಗಿರುತ್ತದೆ.

ಮರೆತದ್ದನ್ನು ಆಮೇಲೆ ಬರೆಯುವುದು ಅಪರಾಧವಲ್ಲ. ‘ತಡವಾಗಿ ಬರೆದದ್ದು’ ಎಂದು ಹೇಳಿ, ಬರೆಯುತ್ತಿರುವ ಇಂದಿನ ತಾರೀಖು ಹಾಕಿ, ಯಾವ ದಿನದ ಸಂಗತಿ, ಯಾವ ಆಧಾರದ ಮೇಲೆ ಬರೆಯುತ್ತಿದ್ದೇನೆ ಎಂದು ನಮೂದಿಸಿದರೆ ಸಾಕು. ಹಿಂದಿನ ತಾರೀಖು ಹಾಕುವುದು ಅಪರಾಧ. ಹಾಗೆಂದು ‘ನೋಟ್ ಟು ಫೈಲ್’ ಎಂಬ ವಿವರಣಾ ಪತ್ರ ಎಲ್ಲ ರೋಗಕ್ಕೂ ಮದ್ದಲ್ಲ. ಒಂದೇ ತಪ್ಪಿಗೆ ಆರು ಪತ್ರ ಇರುವ ಕಡತ ಹೇಳುವುದು, ಇಲ್ಲಿ ಯಾರೂ ತಪ್ಪಿನ ಬೇರು ಹುಡುಕಲಿಲ್ಲ ಎಂದು.

ಮಾತ್ರೆ ಎಣಿಸುವ ಹೊತ್ತು

ಅಜ್ಜಿಗೆ ದಿನಕ್ಕೆ ಎರಡು ಮಾತ್ರೆ. 28 ದಿನಕ್ಕೆ 56, ಬರುವುದು ತಡವಾದರೆ ಇರಲೆಂದು ಎಂಟು ಹೆಚ್ಚು, ಒಟ್ಟು 64ರ ಡಬ್ಬಿ ಕೊಟ್ಟಿದೆ. ಅವರು ಬಂದದ್ದು 30 ದಿನಕ್ಕೆ. ನುಂಗಬೇಕಿದ್ದದ್ದು 60, ಉಳಿಯಬೇಕಿದ್ದದ್ದು 4. ಡಬ್ಬಿ ಸುರಿದು ಎಣಿಸಿದರೆ 10. ಅಂದರೆ 54 ನುಂಗಿದ್ದಾರೆ, ಶೇ. 90. ಆದರೆ ಅವರ ದಿನಚರಿ ಪುಸ್ತಕದಲ್ಲಿ ಮೂವತ್ತು ದಿನವೂ ಎರಡೆರಡು ಟಿಕ್ ಇದೆ.

ಇಲ್ಲಿ ಪುಸ್ತಕವನ್ನು ತಿದ್ದಿಸಬಾರದು, ಎಣಿಕೆಯನ್ನೂ ತಿದ್ದಬಾರದು. ಕೇಳಬೇಕು. ‘ಅಜ್ಜಿ, ಯಾವತ್ತಾದರೂ ಮಾತ್ರೆ ತಪ್ಪಿತ್ತಾ?’ ‘ಮೊಮ್ಮಗಳ ಮದುವೆಗೆ ಹೋದಾಗ ಡಬ್ಬಿ ಮನೇಲೇ ಬಿಟ್ಟಿದ್ದೆ ಕಣಮ್ಮ, ಮೂರು ದಿನ. ಟಿಕ್ ಹಾಕಿದ್ದು ಮಗ, ಒಟ್ಟಿಗೆ.’ ಮೂರು ದಿನಕ್ಕೆ ಆರು ಮಾತ್ರೆ, ಲೆಕ್ಕ ಸರಿಹೋಯಿತು. ಈ ಮಾತನ್ನೇ ಕಡತದಲ್ಲಿ ಬರೆದು, ದಿನಚರಿಯ ಟಿಕ್ ಮತ್ತು ಎಣಿಕೆ ಹೊಂದದಿರಲು ಇದು ಕಾರಣವೆಂದು ನಮೂದಿಸಿ ಸಹಿ ಹಾಕಿದರೆ ಮುಗಿಯಿತು. ಎಣಿಸುವವರು ಇನ್ನೊಂದು ಸೂಕ್ಷ್ಮವನ್ನೂ ಬರೆಯಬೇಕು: ಬಂದ ದಿನದ ಬೆಳಗಿನ ಮಾತ್ರೆ ಲೆಕ್ಕಕ್ಕೆ ಸೇರಿದೆಯೋ ಇಲ್ಲವೋ. ಬರೆಯದಿದ್ದರೆ ಪ್ರತಿ ಭೇಟಿಯಲ್ಲೂ ಒಂದು ಮಾತ್ರೆಯ ಜಗಳ ಉಳಿಯುತ್ತದೆ.

ಔಷಧ ಇಡುವ ಫ್ರಿಜ್‌ನ ಪಟ್ಟಿ ಇನ್ನೊಂದು ಸಾಕ್ಷಿ. 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕಾದ ಔಷಧಕ್ಕೆ ದಿನಕ್ಕೊಮ್ಮೆ ಈಗಿನ ಉಷ್ಣಾಂಶದ ಜೊತೆ, ಹಿಂದಿನ ಸಲ ನೋಡಿದಾಗಿನಿಂದ ಆದ ಕನಿಷ್ಠ ಮತ್ತು ಗರಿಷ್ಠವನ್ನೂ ಬರೆದು ಮೀಟರ್ ರೀಸೆಟ್ ಮಾಡಬೇಕು. ಕನಿಷ್ಠ-ಗರಿಷ್ಠ ಇಲ್ಲದಿದ್ದರೆ ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ ಏನಾಯಿತೆಂದು ದೇವರಿಗೇ ಗೊತ್ತು. ಮೂರು ತಿಂಗಳು ದಿನಾ ಸರಿಯಾಗಿ 9.00 ಗಂಟೆಗೆ 5.0 ಡಿಗ್ರಿ, ಒಂದೇ ಪೆನ್ನು, ಒಂದೇ ಓರೆ, ಭಾನುವಾರವೂ ಗಣೇಶ ಚೌತಿಯಂದೂ ತಪ್ಪದೆ ಬರೆದ ಪಟ್ಟಿಯನ್ನು ನೋಡಿದರೆ ಇನ್‌ಸ್ಪೆಕ್ಟರ್ ಮೊದಲು ಕೇಳುವುದು ಆ ದಿನದ ಹಾಜರಿ ಪುಸ್ತಕ. ಉಷ್ಣಾಂಶ 8 ದಾಟಿದ್ದು ಕಂಡರೆ ಔಷಧವನ್ನು ಎಸೆಯಬೇಡಿ, ಬಳಸಲೂಬೇಡಿ. ಸರಿಯಾದ ಉಷ್ಣಾಂಶದಲ್ಲೇ ಬೇರೆ ಪೆಟ್ಟಿಗೆಯಲ್ಲಿಟ್ಟು ‘ಬಳಸಬಾರದು’ ಚೀಟಿ ಅಂಟಿಸಿ, ಎಷ್ಟು ಡಿಗ್ರಿ, ಎಷ್ಟು ಹೊತ್ತು ಎಂದು ಸ್ಪಾನ್ಸರ್‌ಗೆ ತಿಳಿಸಿ, ಅವರ ಲಿಖಿತ ಉತ್ತರ ಬರುವವರೆಗೆ ಕಾಯಬೇಕು.

ಒಂದು ಸಾಲು, ಎಂಟು ಲಕ್ಷ

ಟ್ರಯಲ್‌ನಲ್ಲಿರುವವರಿಗೆ ಸಾವು, ಜೀವಾಪಾಯ, ಆಸ್ಪತ್ರೆ ಸೇರುವುದು, ಶಾಶ್ವತ ಅಂಗವೈಕಲ್ಯದಂಥ ಗಂಭೀರ ಘಟನೆ ಆದರೆ, ಟ್ರಯಲ್ ನಡೆಸುವ ವೈದ್ಯರು 24 ಗಂಟೆಯೊಳಗೆ ಕೇಂದ್ರ ಪರವಾನಗಿ ಪ್ರಾಧಿಕಾರಕ್ಕೆ, ಸ್ಪಾನ್ಸರ್‌ಗೆ, ಎಥಿಕ್ಸ್ ಕಮಿಟಿಗೆ ವರದಿ ಮಾಡಬೇಕು. ತಡವಾದರೆ ಕಾರಣ ಕೊಡಬೇಕು. ವಿಶ್ಲೇಷಣೆ ಸಹಿತ ವರದಿಗೆ 14 ದಿನ. ಅಜ್ಜಿ ತಾಲ್ಲೂಕು ಆಸ್ಪತ್ರೆ ಸೇರಿ ಮೂರು ದಿನವಾದ ಮೇಲೆ ಮಗ ಫೋನ್ ಮಾಡಿದರೆ, ಫೋನ್ ಬಂದ ತಾರೀಖು, ಗಂಟೆ-ನಿಮಿಷ, ಯಾರು ಮಾತಾಡಿದರು, ಏನು ಹೇಳಿದರು ಎಂಬುದೇ ಆ ಕಾರಣದ ಆಧಾರ. ಡಿಸ್ಚಾರ್ಜ್ ಕಾರ್ಡ್‌ನ ಪ್ರತಿ ತರಿಸಿ, ಸ್ಪಾನ್ಸರ್‌ಗೆ ಕಳಿಸುವ ಮುನ್ನ ಹೆಸರು, ವಿಳಾಸ, ಫೋನ್ ಸಂಖ್ಯೆ ಮರೆಮಾಡಿ ಅವರ ಟ್ರಯಲ್ ಸಂಖ್ಯೆ ಬರೆಯಬೇಕು. ವಾಟ್ಸಾಪ್‌ನಲ್ಲಿ ಇಡೀ ಕಾರ್ಡಿನ ಫೋಟೊ ಕಳಿಸುವ ಅಭ್ಯಾಸದಿಂದ ಗುಟ್ಟೂ ಹೋಗುತ್ತದೆ, ಫೋನ್ ಬದಲಾದಾಗ ದಾಖಲೆಯೂ ಹೋಗುತ್ತದೆ.

ದಾಖಲೆ ನೇರವಾಗಿ ದುಡ್ಡಾಗುವುದು ಪರಿಹಾರದ ಲೆಕ್ಕದಲ್ಲಿ. ಟ್ರಯಲ್‌ಗೆ ಸಂಬಂಧಿಸಿದ ಸಾವಿಗೆ 2019ರ ನಿಯಮದಲ್ಲಿರುವ ಸೂತ್ರ: ಮೂಲ ಮೊತ್ತ 8 ಲಕ್ಷವನ್ನು ವಯಸ್ಸಿನ ಅಂಶದಿಂದ ಗುಣಿಸಿ, ಅಪಾಯದ ಅಂಶದಿಂದ ಗುಣಿಸಿ, 99.37ರಿಂದ ಭಾಗಿಸುವುದು. 65 ವರ್ಷ ದಾಟಿದವರಿಗೆ ವಯಸ್ಸಿನ ಅಂಶವೂ 99.37, ಹಾಗಾಗಿ ಅದು ಹೊಡೆದುಹೋಗುತ್ತದೆ. ಉಳಿಯುವುದು ಅಪಾಯದ ಅಂಶ. ಆರು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆಯಿಲ್ಲದ ರೋಗಿಗೆ ಅದು 0.5, ಆರೋಗ್ಯವಂತರಿಗೆ 4, ನಡುವೆ ಮಧ್ಯಮ ಅಪಾಯಕ್ಕೆ 2, ಅಲ್ಪ ಅಪಾಯಕ್ಕೆ 3. ನಮ್ಮ ಅಜ್ಜಿ ಸೇರಿದ ದಿನದ ಸ್ಥಿತಿ ಮಧ್ಯಮ ಎಂದಾದರೆ ನಾಮಿನಿಗೆ 16 ಲಕ್ಷ, ಅಲ್ಪ ಎಂದಾದರೆ 24 ಲಕ್ಷ. ತೀರ್ಮಾನಿಸುವವರ ಮುಂದಿರುವುದು ಸೇರಿದ ದಿನ ಬರೆದ ಹಿಂದಿನ ಕಾಯಿಲೆಗಳ ಪಟ್ಟಿ ಮತ್ತು ಅಂದಿನ ಪರೀಕ್ಷೆಯ ಫಲಿತಾಂಶ. ಪಿಜಿ ವಿದ್ಯಾರ್ಥಿ ಕೇಸ್ ಶೀಟ್‌ನಲ್ಲಿ ‘ಹೃದಯದ ತೊಂದರೆ ಇಲ್ಲ’ ಎಂದೂ, ಟ್ರಯಲ್ ಕಡತದಲ್ಲಿ ‘2019ರಲ್ಲಿ ಸ್ಟೆಂಟ್’ ಎಂದೂ ಇದ್ದರೆ ಆ ಮನೆಯವರ ಎಂಟು ಲಕ್ಷ ಎರಡು ಕಾಗದಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ನಂಬಿಕೆ ಹೋದ ಮೇಲೆ

ಫ್ರಾನ್ಸಿನ ಔಷಧ ನಿಯಂತ್ರಣ ಸಂಸ್ಥೆಯವರು 2014ರಲ್ಲಿ ಹೈದರಾಬಾದಿನ ಜಿವಿಕೆ ಬಯೋಸೈನ್ಸಸ್‌ನಲ್ಲಿ ತಪಾಸಣೆ ನಡೆಸಿ, ಜೆನೆರಿಕ್ ಔಷಧಗಳ ಅಧ್ಯಯನಗಳಲ್ಲಿ ಇಸಿಜಿಗಳನ್ನು ತಿರುಚಲಾಗಿದೆ, ಇದು ಕನಿಷ್ಠ ಐದು ವರ್ಷ ನಡೆದಂತಿದೆ ಎಂದರು. ಕಂಪನಿ ಇದನ್ನು ಒಪ್ಪಲಿಲ್ಲ. ಗಮನಿಸಬೇಕಾದದ್ದು ಇಷ್ಟು: ಆ ಬಗೆಯ ಅಧ್ಯಯನದಲ್ಲಿ ಮುಖ್ಯ ಉತ್ತರ ಬರುವುದು ರಕ್ತದಲ್ಲಿನ ಔಷಧದ ಪ್ರಮಾಣದಿಂದ, ಇಸಿಜಿ ಸ್ವಯಂಸೇವಕರ ಸುರಕ್ಷತೆಗೆ ಮಾತ್ರ. ಔಷಧಗಳಿಂದ ಯಾರಿಗೂ ಹಾನಿಯಾದ ಪುರಾವೆಯಿಲ್ಲವೆಂದು ಯುರೋಪಿನ ಔಷಧ ಸಂಸ್ಥೆಯೇ ಹೇಳಿತು. ಆದರೂ 2015ರ ಜನವರಿಯಲ್ಲಿ ಸುಮಾರು 700 ಔಷಧಗಳ ಪರವಾನಗಿ ಅಮಾನತಿಗೆ ಅದು ಶಿಫಾರಸು ಮಾಡಿತು. ಬದಿಯ ಕಾಗದವನ್ನೇ ತಿರುಚುವವರು ನಡುವಿನ ಕಾಗದವನ್ನು ಬಿಟ್ಟಾರೆಯೇ ಎಂಬುದು ತರ್ಕ. ವಿಷಯ ಎಲ್ಲಿಗೆ ಹೋಯಿತೆಂದರೆ, ಅದೇ ಆಗಸ್ಟ್‌ನಲ್ಲಿ ಭಾರತ ಯುರೋಪಿನ ಜೊತೆಗಿನ ಮುಕ್ತ ವ್ಯಾಪಾರ ಮಾತುಕತೆಯನ್ನೇ ಇದರ ಕಾರಣಕ್ಕೆ ಮುಂದೂಡಿತು. ಬೆಂಗಳೂರಿನ ಸೆಮ್ಲರ್ ರಿಸರ್ಚ್ ಸೆಂಟರ್‌ನದ್ದು ಇನ್ನೂ ನೇರ: 2015ರ ತಪಾಸಣೆಯಲ್ಲಿ ಸ್ವಯಂಸೇವಕರ ರಕ್ತದ ಮಾದರಿಗಳನ್ನೇ ಬದಲಿಸಿ ತಿರುಚಿದ್ದು ಕಂಡುಬಂದಿದೆ ಎಂದ ಎಫ್‌ಡಿಎ, 2016ರಲ್ಲಿ ಅಲ್ಲಿನ ಅಧ್ಯಯನಗಳನ್ನು ಒಪ್ಪುವುದಿಲ್ಲವೆಂದಿತು.

ಕಂಪ್ಯೂಟರ್ ಬಂದ ಮೇಲೆ ವೈಟ್ನರ್ ಹೋಯಿತು, ಆಸೆ ಹೋಗಲಿಲ್ಲ. ಟ್ರಯಲ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ಹಳೆಯ ಅಂಕಿ, ಹೊಸ ಅಂಕಿ, ಯಾರು, ಯಾವಾಗ, ಏಕೆ ಎಂಬ ಆಡಿಟ್ ಟ್ರೇಲ್ ಉಳಿಯುತ್ತದೆ. ಕಾಗದದ ಮೇಲಿನ ಆ ಒಂದು ಗೀಟಿನ ಕೆಲಸವನ್ನೇ ಇದು ಮಾಡುವುದು. ಅದನ್ನು ಕೆಡಿಸಲು ಹ್ಯಾಕರ್ ಬೇಕಿಲ್ಲ, ಕಂಪ್ಯೂಟರ್ ಪರದೆಗೆ ಅಂಟಿಸಿದ ಪಾಸ್‌ವರ್ಡ್ ಚೀಟಿ ಸಾಕು. ಡಾಕ್ಟರ್ ಹೆಸರಿನಲ್ಲಿ ಕೋಆರ್ಡಿನೇಟರ್ ಒಳಹೋಗಿ ಸಹಿ ಒತ್ತಿದರೆ, ಅದೇ ಹೊತ್ತಿಗೆ ಡಾಕ್ಟರ್ ಆಪರೇಷನ್ ಥಿಯೇಟರ್‌ನಲ್ಲಿದ್ದರು ಎಂದು ಥಿಯೇಟರ್ ರಿಜಿಸ್ಟರ್ ಹೇಳುತ್ತದೆ. ಯಾರಿಗೆ ಯಾವ ಕೆಲಸ ವಹಿಸಿದೆ ಎಂಬ ಡೆಲಿಗೇಶನ್ ಲಾಗ್ ಇರುವುದು ಇದಕ್ಕೇ. ಹೆಸರು, ಸಹಿಯ ಮಾದರಿ, ಕೆಲಸ, ಶುರುವಾದ ಮತ್ತು ಮುಗಿದ ತಾರೀಖು ಅದರಲ್ಲಿರಬೇಕು, ಕೆಲಸ ಶುರುವಾಗುವ ಮೊದಲೇ ಇರಬೇಕು. 2025ರ ಪರಿಷ್ಕರಣೆ ಮಾಹಿತಿಯ ಆಡಳಿತಕ್ಕೇ ಒಂದು ಅಧ್ಯಾಯ ಮೀಸಲಿಟ್ಟಿದೆ. ಎಲ್ಲವನ್ನೂ ಒಂದೇ ಹಟದಿಂದ ತಾಳೆ ಹಾಕುವ ಬದಲು, ರೋಗಿಯ ಸುರಕ್ಷತೆಗೂ ಫಲಿತಾಂಶಕ್ಕೂ ಪೆಟ್ಟು ಕೊಡುವ ಕಡೆ ಹೆಚ್ಚು ಕಣ್ಣಿಡಿ ಎನ್ನುತ್ತದೆ. ತೂಕದ ದಶಮಾಂಶಕ್ಕೆ ಹತ್ತು ಪ್ರಶ್ನೆ ಕೇಳಿ ಒಪ್ಪಿಗೆ ಪತ್ರದ ಸಮಯವನ್ನು ನೋಡದೆ ಹೋಗುವ ಮಾನಿಟರ್‌ಗಳನ್ನು ಕಂಡವರಿಗೆ ಇದು ಬೇಕಾಗಿದ್ದ ಮಾತು.

ಟ್ರಯಲ್ ಮುಗಿದ ಮೇಲೆ ಎಷ್ಟು ವರ್ಷ ಇಡಬೇಕು? ಎಥಿಕ್ಸ್ ಕಮಿಟಿ ತನ್ನ ದಾಖಲೆಗಳನ್ನು ಐದು ವರ್ಷ ಇಡಬೇಕೆಂದು ನಮ್ಮ ನಿಯಮ. ಯುರೋಪಿನ ನಿಯಮದಡಿ ನಡೆದ ಟ್ರಯಲ್‌ನ ಮುಖ್ಯ ಕಡತಕ್ಕೆ 25 ವರ್ಷ. ಆಸ್ಪತ್ರೆಗೆ ಅನ್ವಯಿಸುವುದು ಒಪ್ಪಂದದಲ್ಲಿ ಬರೆದ ಅವಧಿ, ಮತ್ತು ಸ್ಪಾನ್ಸರ್ ‘ಇನ್ನು ಬೇಡ’ ಎಂದು ಲಿಖಿತವಾಗಿ ಹೇಳುವವರೆಗೆ ಒಂದು ಹಾಳೆಯನ್ನೂ ತೆಗೆಯುವಂತಿಲ್ಲ. ಕರಾವಳಿಯಲ್ಲಾದರೆ ಮಳೆಗಾಲದ ತೇವ, ಉಳಿದ ಕಡೆ ಗೆದ್ದಲು, ಹಳೆಯ ಕಟ್ಟಡದಲ್ಲಿ ಎರಡೂ. ಪೆಟ್ಟಿಗೆಗಳನ್ನು ನೆಲದಿಂದ ಎತ್ತರಿಸಿ, ಗೋಡೆಗೆ ತಾಗದಂತೆ ಇಡಿ. ಹೊರಗೆ ಟ್ರಯಲ್ ಸಂಖ್ಯೆ, ಒಳಗೇನಿದೆ ಎಂಬ ಪಟ್ಟಿ, ಯಾವ ವರ್ಷದವರೆಗೆ ಎಂದು ಬರೆಯಿರಿ, ರೋಗಿಗಳ ಹೆಸರು ಬೇಡ. ಯಾವ ಸಂಖ್ಯೆ ಯಾವ ರೋಗಿಯದ್ದು ಎಂಬ ಪಟ್ಟಿ ಆಸ್ಪತ್ರೆಯಲ್ಲೇ, ಬೀಗದೊಳಗೆ ಉಳಿಯಬೇಕು. ಮುಖ್ಯ ವೈದ್ಯರು ವರ್ಗವಾಗಿಯೋ ನಿವೃತ್ತರಾಗಿಯೋ ಹೋಗುವ ದಿನ ಆ ಬೀಗದ ಕೈ ಯಾರ ಕೈಗೆ ಬಂತು ಎಂದೂ ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿ, ತಾರೀಖು ನಮೂದಿಸಿ.